ಕೊನೆಯ ದಿನಾಂಕವೇ ಇಲ್ಲದ ಪ್ರವೇಶ

ಸಿಇಟಿ ರ‍್ಯಾಂಕ್ ಪ್ರಕಟವಾಗಿ, ಪರೀಕ್ಷಾ ಪ್ರಾಧಿಕಾರ ಸೀಟು ಹಂಚಲು ಆರಂಭಿಸುವವರೆಗೆ ಹೆತ್ತವರು ಉಸಿರು ಬಿಗಿಹಿಡಿದು ಕಾಯುವ ಒಂದು ಅವಧಿ ಇರುತ್ತದೆ. ಅದೇ ಖಾಸಗಿ ವಿಶ್ವವಿದ್ಯಾಲಯಗಳಿಗೆ ಸುಗ್ಗಿಯ ಕಾಲ ಎಂಬುದು ನನಗೆ ಈ ವರ್ಷ ತಿಳಿಯಿತು.

ಬೆಂಗಳೂರಿನ ಹೊರವಲಯದ ಒಂದು ಚಿಕ್ಕ ವಿಶ್ವವಿದ್ಯಾಲಯಕ್ಕೆ, ಕೈಯಲ್ಲೊಂದು ಇರಲಿ ಎಂದು, ಮಗಳ ಹೆಸರಿನಲ್ಲಿ ಅರ್ಜಿ ಹಾಕಿದೆ. ಅಂದಿನಿಂದ ದಿನಕ್ಕೆ ಐದಾರು ಕರೆ. ಶುಲ್ಕ ಎಷ್ಟೆಂದು ಕೇಳಿದರೆ ‘ಕ್ಯಾಂಪಸ್ಸಿಗೆ ಬನ್ನಿ ಸಾರ್, ಮಾತಾಡೋಣ’ ಎನ್ನುವುದೊಂದೇ ಉತ್ತರ. ತರಕಾರಿ ಮಾರುವವರೂ ಗಿರಾಕಿಗೆ ಮೊದಲು ಬೆಲೆ ಹೇಳುತ್ತಾರೆ. ಅರ್ಧ ಗಂಟೆಯ ಪರೀಕ್ಷೆಯೊಂದನ್ನು ಬರೆಸಿ, ಅಲ್ಲಿ ಕುಳಿತಿದ್ದ ಅಷ್ಟೂ ಮಕ್ಕಳಿಗೆ ‘ಸ್ಕಾಲರ್‌ಶಿಪ್’ ಘೋಷಿಸಿದರು. ಸಂಜೆಯೊಳಗೆ 25,000 ರೂಪಾಯಿ ಕಟ್ಟಿ ಸೀಟು ಬ್ಲಾಕ್ ಮಾಡದಿದ್ದರೆ ರಿಯಾಯಿತಿ ಹೋಗುತ್ತದೆ ಎಂದು ಹೆದರಿಸಿ, ‘ಪರಿಶೀಲನೆಗೆ’ ಎಂದು ಪಿಯುಸಿ ಮೂಲ ಅಂಕಪಟ್ಟಿಯನ್ನೂ ಟಿಸಿಯನ್ನೂ ತೆಗೆದುಕೊಂಡು ಬೀರುವಿಗೆ ಸೇರಿಸಿದರು.

ನಂತರ ಮಗಳಿಗೆ ಸಿಇಟಿಯಲ್ಲಿ ಸರ್ಕಾರಿ ಕೋಟಾದ ಸೀಟೇ ಸಿಕ್ಕಿತು. ಹಣವನ್ನೂ ದಾಖಲೆಗಳನ್ನೂ ಕೇಳಲು ಹೋದಾಗ ಅವರ ನಿಜವಾದ ಬಣ್ಣ ಕಂಡಿತು. ಸಂಸ್ಥೆಗಳು ಮೂಲ ದಾಖಲೆಗಳನ್ನು ನೋಡಿ ಆಗಲೇ ಹಿಂತಿರುಗಿಸಬೇಕು, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಹಿಂದೆ ಸರಿದವರಿಗೆ ಪೂರ್ತಿ ಶುಲ್ಕ ಮರಳಿಸಬೇಕು, ಅದರಲ್ಲಿ ಪ್ರಕ್ರಿಯಾ ವೆಚ್ಚವೆಂದು ಮುರಿದುಕೊಂಡರೂ ಅದು ಕಟ್ಟಿದ ಶುಲ್ಕದ ಶೇ 5ನ್ನಾಗಲಿ 5,000 ರೂಪಾಯಿಯನ್ನಾಗಲಿ ಮೀರಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಅಕ್ಟೋಬರಿನಲ್ಲೇ ಅಧಿಸೂಚನೆ ಹೊರಡಿಸಿದೆ. ಅದರ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಅವರು ಓದಲೂ ಇಲ್ಲ. ‘ನಮ್ಮಲ್ಲಿ ಕೊನೆಯ ದಿನಾಂಕ ಇನ್ನೂ ನಿಗದಿಯಾಗಿಲ್ಲ’ ಎಂದರು. ಆ ಮಾತಿನ ಜಾಣತನ ನನಗೆ ಅರ್ಥವಾಗಲು ಸ್ವಲ್ಪ ಹೊತ್ತೇ ಹಿಡಿಯಿತು. ಶುಲ್ಕ ಮರಳಿಸುವ ಆ ನಿಯಮ ನಿಂತಿರುವುದು ಆ ಒಂದು ದಿನಾಂಕದ ಮೇಲೆ. ಅದನ್ನು ಪ್ರಕಟಿಸದೆ, ಫಲಕದಲ್ಲೂ ಜಾಹೀರಾತಿನಲ್ಲೂ ‘ಪ್ರವೇಶ ಆರಂಭವಾಗಿದೆ’ ಎಂದಷ್ಟೇ ಹಾಕಿಕೊಂಡಿದ್ದರೆ, ಯಾವ ದಿನಕ್ಕೆ 15 ದಿನ ಮೊದಲು ಎಂದು ಲೆಕ್ಕ ಹಾಕುವುದು?

ಮೂರು ಸಲ ಅಲೆದೆ. ಒಮ್ಮೆ ರಿಜಿಸ್ಟ್ರಾರ್ ಸಭೆಯಲ್ಲಿದ್ದರು, ಇನ್ನೊಮ್ಮೆ ಬೀರುವಿನ ಕೀಲಿ ಇಟ್ಟುಕೊಂಡವರು ರಜೆಯಲ್ಲಿದ್ದರು. (ಹಣ ಕಟ್ಟಿಸಿಕೊಳ್ಳುವ ಕೌಂಟರು ಮಾತ್ರ ಭಾನುವಾರವೂ ತೆರೆದಿತ್ತು.) ಅತ್ತ ಸಿಇಟಿ ಸೀಟಿನ ಕಾಲೇಜಿಗೆ ಮೂಲ ದಾಖಲೆಗಳೊಂದಿಗೆ ವರದಿ ಮಾಡಿಕೊಳ್ಳಲು ಎರಡೇ ದಿನ ಉಳಿದಿದ್ದವು. ಅದು ಅವರಿಗೂ ಗೊತ್ತಿತ್ತು. ಮೂರನೆಯ ಸಲ ಒಂದು ಹಾಳೆಯನ್ನು ಮುಂದಿಟ್ಟರು: ‘ಸ್ವಇಚ್ಛೆಯಿಂದ ಸೀಟು ಬಿಡುತ್ತಿದ್ದೇನೆ, ಕಟ್ಟಿದ ಹಣವನ್ನು ಮರಳಿ ಕೇಳುವುದಿಲ್ಲ.’ ಇಷ್ಟನ್ನು ಮಗಳ ಕೈಬರಹದಲ್ಲೇ ಬರೆಸಿ, ಕೆಳಗೆ ಪೋಷಕರ ಸಹಿ ಬೇಕೆಂದರು.

ಇಪ್ಪತ್ತು ವರ್ಷ ಕಚೇರಿಯಲ್ಲಿ ಓದದೆ ಯಾವ ಕಾಗದಕ್ಕೂ ರುಜು ಹಾಕದ ನಾನು, ಇದನ್ನು ಎರಡೆರಡು ಬಾರಿ ಓದಿ, ಸುಳ್ಳೆಂದು ತಿಳಿದೂ ಸಹಿ ಹಾಕಿ, ಅಂಕಪಟ್ಟಿ ಹಿಡಿದುಕೊಂಡು ಬಸ್ಸು ಹತ್ತಿದೆ.