ಗುಂಪು ಸೇರಬೇಡಿ, ಎಲ್ಲರೂ ಬನ್ನಿ

ಸಾಂಕ್ರಾಮಿಕದ ಕಾಲದಲ್ಲಿ ಸರ್ಕಾರಿ ಲಸಿಕೆ ಕೇಂದ್ರದ ಬಾಗಿಲಿಗೆ ಎರಡು ಪೋಸ್ಟರ್ ಅಂಟಿಸುತ್ತಾರೆ. ಒಂದರಲ್ಲಿ 'ಗುಂಪು ಸೇರಬೇಡಿ, ಅಂತರ ಕಾಪಾಡಿ' ಎಂದಿರುತ್ತದೆ. ಇನ್ನೊಂದರಲ್ಲಿ 'ಫ್ಲೂ ಲಸಿಕೆ ಉಚಿತ, ಸ್ಟಾಕ್ ಇರುವವರೆಗೆ ಮಾತ್ರ' ಎಂದಿರುತ್ತದೆ. ಎರಡನೆಯದನ್ನು ಓದಿದ ಜನ ನಸುಕಿಗೇ ಬಂದು ಮೊದಲನೆಯದಕ್ಕೆ ಒರಗಿಕೊಂಡು ನಿಂತಿರುತ್ತಾರೆ.

ಫ್ಲೂ ಹರಡುವುದು ಕೆಮ್ಮಿದಾಗ, ಸೀನಿದಾಗ ಹಾರುವ ಹನಿಗಳಿಂದ. ಅದಕ್ಕೆ ಬೇಕಾದದ್ದು ಮುಚ್ಚಿದ ಕೋಣೆ, ಒತ್ತಾಗಿ ನಿಂತ ಜನ, ಒಂದಷ್ಟು ಹೊತ್ತು. ಮೂರನ್ನೂ ಇಲಾಖೆ ಪುಕ್ಕಟೆ ಒದಗಿಸುತ್ತದೆ. ವೈರಸ್ ಮನೆ ಮನೆ ತಿರುಗುವ ಕಷ್ಟವೇ ಇಲ್ಲ.

ಜ್ವರ ಇರುವವರಿಗೆ ಪ್ರವೇಶವಿಲ್ಲ ಎಂಬ ನಿಯಮವೂ ಇದೆ. ಒಳ್ಳೆಯ ನಿಯಮವೇ. ಆದರೆ ಜ್ವರ ನೋಡುವುದು ಬಾಗಿಲಲ್ಲಲ್ಲ, ಕೌಂಟರಿನಲ್ಲಿ. ಅಂದರೆ ಮನುಷ್ಯ ಗಂಟೆಗಟ್ಟಲೆ ನಿಂತು, ಹಿಂದಿನವರಿಗೂ ಮುಂದಿನವರಿಗೂ ಧಾರಾಳವಾಗಿ ಕೆಮ್ಮಿ ಮುಗಿಸಿದ ಮೇಲೆ. 'ಅಯ್ಯೋ, ಮೈ ಸುಡ್ತಾ ಇದೆಯಲ್ಲ ಸರ್! ಮನೆಗೆ ಹೋಗಿ. ಯಾರ ಹತ್ತಿರಾನೂ ಸುಳೀಬೇಡಿ.'

ಆಮೇಲೆ ಫಾರ್ಮು. ಆಗಾಗ ಕೈ ತೊಳೆಯಿರಿ ಎಂದು ಮೇಲ್ಗಡೆ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ತುಂಬಲು ದಾರ ಕಟ್ಟಿದ ಒಂದೇ ಪೆನ್ನು. ಊರಿನವರ ಕೈಯೆಲ್ಲ ದಾಟಿ ಬಂದ ಆ ಪೆನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು ಜನ ತಮ್ಮ ಹುಟ್ಟಿದ ತಾರೀಕು ನೆನಪಿಸಿಕೊಳ್ಳುತ್ತಾರೆ. ಸೂಜಿ ಹಿಡಿದ ನರ್ಸನ್ನು ನಾನಂತೂ ಬೈಯುವುದಿಲ್ಲ. ಇಡೀ ಕಟ್ಟಡದಲ್ಲಿ ಅರ್ಧ ನಿಮಿಷದಲ್ಲಿ ಕೆಲಸ ಮುಗಿಸುವವರು ಅವರೊಬ್ಬರೇ.

ಇನ್ನು ಆದ್ಯತೆಯ ವಿಷಯ. ಗರ್ಭಿಣಿಯರು, ಪುಟ್ಟ ಮಕ್ಕಳು, ಉಬ್ಬಸ ಇರುವವರು, ಸಕ್ಕರೆ ಕಾಯಿಲೆಯವರು. ಫ್ಲೂ ಇವರನ್ನು ಜಾಸ್ತಿ ಕಾಡುತ್ತದೆ. ಆದ್ದರಿಂದ ಇವರನ್ನೆಲ್ಲ ಆರಿಸಿ, ಒಂದೇ ದಿನ, ಒಂದೇ ಹಾಲ್‌ಗೆ ಕರೆಯುತ್ತಾರೆ. ತುಂಬು ಬಸುರಿ ಗಂಟೆಗಟ್ಟಲೆ ನಿಲ್ಲಬಲ್ಲಳು ಎಂದಾದರೆ ಅವಳ ಆರೋಗ್ಯಕ್ಕೆ ಬೇರೆ ಸರ್ಟಿಫಿಕೇಟ್ ಯಾಕೆ, ಅಲ್ವಾ?

ಕ್ಯೂ ಎಲ್ಲರಿಗೂ ಒಂದೇ ಎಂದು ಮಾತ್ರ ತಿಳಿಯಬೇಡಿ. 2009ರ ಎಚ್1ಎನ್1 ಫ್ಲೂ, ಅಂದರೆ ಹಂದಿಜ್ವರದ ಕಾಲದಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತ್ಯ ಅಕ್ಟೋಬರ್ ಕೊನೆಯಲ್ಲಿ ಕೇಂದ್ರಗಳನ್ನು ತೆರೆದು ಎಲ್ಲರನ್ನೂ ಕರೆಯಿತು. ಎಲ್ಲರೂ ಬಂದರು. ಕರೆದರೆ ಜನ ಬರುತ್ತಾರೆ ಎಂದು ಯಾರೂ ಅಂದಾಜು ಮಾಡಿರಲಿಲ್ಲವೋ ಏನೋ, ವಾರ ತುಂಬುವ ಮೊದಲೇ ಲಸಿಕೆ ಸಾಲದೆ ಕೇಂದ್ರಗಳನ್ನು ಮುಚ್ಚಬೇಕಾಯಿತು. ಅದೇ ವಾರ ಕ್ಯಾಲ್ಗರಿ ಫ್ಲೇಮ್ಸ್ ಎಂಬ ಐಸ್ ಹಾಕಿ ತಂಡದ ಆಟಗಾರರಿಗೂ ಅವರ ಮನೆಯವರಿಗೂ ಬೇರೆಯೇ ಏರ್ಪಾಡಾಗಿ, ಕ್ಯೂ ಇಲ್ಲದೆ ಲಸಿಕೆ ಸಿಕ್ಕಿತು. ದೇಶದಲ್ಲೇ ಗಟ್ಟಿಮುಟ್ಟಾದ ಮೈಗಳು ಅವು. ಸುದ್ದಿ ಹೊರಬಿದ್ದು ಗಲಾಟೆಯಾದಾಗ ಆರೋಗ್ಯ ಇಲಾಖೆಯ ಇಬ್ಬರು ಕೆಲಸ ಕಳೆದುಕೊಂಡರು. ಲಸಿಕೆ ಆಟಗಾರರ ತೋಳಲ್ಲೇ ಉಳಿಯಿತು.

ಲಸಿಕೆ ಬಂದ ಹೊತ್ತಾದರೂ ಎಂಥದ್ದು! ವಿಶ್ವ ಆರೋಗ್ಯ ಸಂಸ್ಥೆ ಆ ರೋಗವನ್ನು ಜಾಗತಿಕ ಪಿಡುಗೆಂದು ಸಾರಿದ್ದು 2009ರ ಜೂನ್ 11ರಂದು. ಲಸಿಕೆಗೆ ಬೇಕಾದ ವೈರಸ್ಸನ್ನು ಹೆಚ್ಚಾಗಿ ಕೋಳಿಮೊಟ್ಟೆಯೊಳಗೆ ಬೆಳೆಸಬೇಕು. ಮನುಷ್ಯರ ಮೂಗಿನಲ್ಲಿ ಸರಸರ ಬೆಳೆಯುತ್ತಿದ್ದ ಆ ವೈರಸ್, ಮೊಟ್ಟೆಯೊಳಗೆ ಕೂತು ಸೋಮಾರಿಯಾಯಿತು. ಅಮೆರಿಕದಲ್ಲಿ ಮೊದಲ ಡೋಸ್‌ಗಳು ಬಂದಾಗ ಅಕ್ಟೋಬರ್. ರೋಗದ ಎರಡನೇ ಅಲೆ ತುದಿ ಮುಟ್ಟಿದ್ದೂ ಅದೇ ತಿಂಗಳು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎನ್ನುತ್ತಾರಲ್ಲ, ಇಲ್ಲಿ ಆ ದಿಡ್ಡಿ ಬಾಗಿಲಿಗೂ ಟೋಕನ್ನು.

ಹೇಗೋ ಸೂಜಿ ಚುಚ್ಚಿಸಿಕೊಂಡಿರಿ ಎನ್ನಿ. ಅಡ್ಡಪರಿಣಾಮ ಆಗುತ್ತದೋ ನೋಡಬೇಕು, ಹದಿನೈದು ನಿಮಿಷ ಕೂತಿರಿ ಎನ್ನುತ್ತಾರೆ. ಎಲ್ಲಿ? ಆಗಲೇ ಚುಚ್ಚಿಸಿಕೊಂಡವರೆಲ್ಲ ತೊಡೆಗೆ ತೊಡೆ ತಾಗಿಸಿ ಕೂತಿರುವ ಬೆಂಚಿನಲ್ಲಿ. ಮೈಯಲ್ಲಿ ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಬೇಕು. ಅಲ್ಲಿಯವರೆಗೆ ನಿಮಗೂ ಕ್ಯೂ ನಿಲ್ಲದವನಿಗೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಇದ್ದರೆ ಇಷ್ಟೇ, ಅವನು ಕ್ಯೂನಲ್ಲಿ ನಿಂತಿರಲಿಲ್ಲ. ಮೂರನೇ ದಿನ ಜ್ವರ ಬಂದರೆ ಇಡೀ ಬೀದಿ ಹೇಳುವುದೊಂದೇ: 'ನೋಡಿದ್ರಾ, ಲಸಿಕೆಯಿಂದಲೇ ಫ್ಲೂ ಬಂತು.' ಸತ್ತ ವೈರಸ್ಸಿನ ಚುಚ್ಚುಮದ್ದಿನಿಂದ ಫ್ಲೂ ಬರಲಾರದು. ಪಾಪ, ಆ ಬೆಂಚಿನ ಮೇಲೆ ಮಾತ್ರ ಯಾರಿಗೂ ಅನುಮಾನವಿಲ್ಲ.

2009ರ ಆ ಅಲೆ ಇಳಿದ ಮೇಲೆ ಕೇಂದ್ರಗಳು ಖಾಲಿ ಹೊಡೆದವು. ಬನ್ನಿ, ಬೇಕಾದಷ್ಟು ಸ್ಟಾಕ್ ಇದೆ ಎಂದು ಕರೆದರೂ ಜನ ಅತ್ತ ತಿರುಗಿ ನೋಡಲಿಲ್ಲ. 2010ರಲ್ಲಿ ಅಮೆರಿಕವೊಂದರಲ್ಲೇ ಕೋಟಿಗಟ್ಟಲೆ ಡೋಸ್‌ಗಳು ಅವಧಿ ಮೀರಿ ಕಸವಾದವು. ಅವುಗಳ ವಿಲೇವಾರಿ ಮಾತ್ರ ನೂಕುನುಗ್ಗಲಿಲ್ಲದೆ, ಅಂತರ ಕಾಪಾಡಿಕೊಂಡು ನಡೆದಿರಬೇಕು.