ನಾಯಕ ಅವನೇ, ಭಾಷೆ ಅದೇ, ಆದ್ರೂ ರಿಮೇಕ್!

ತಮಿಳು, ಮಲಯಾಳಂ ಸಿನಿಮಾ ರಿಮೇಕ್ ಮಾಡುವ ನಮ್ಮವರಿಗೆ ಭಾಷೆ ಬೇರೆ ಅನ್ನೋ ನೆಪವಾದರೂ ಇದೆ. ಅಮೆರಿಕದ ಟಿವಿಯವರಿಗೆ ಅದೂ ಇಲ್ಲ. ಇಂಗ್ಲಿಷ್ ಸೀರಿಯಲ್ಲನ್ನು ಇಂಗ್ಲಿಷಿಗೇ ರಿಮೇಕ್ ಮಾಡ್ತಾರೆ!

‘ಬ್ರಾಡ್‌ಚರ್ಚ್’ ನೋಡಿ. 2013ರಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ಬಂತು. ಕಡಲ ಪಕ್ಕದ ಸಣ್ಣ ಊರು, ಬಂಡೆಯ ಬುಡದಲ್ಲಿ ಹುಡುಗನ ಹೆಣ, ಎಂಟೇ ಕಂತು. ಬ್ರಿಟನ್ ಉಗುರು ಕಚ್ಚುತ್ತಾ ಕೂತಿತ್ತು. ಅದೇ ವರ್ಷ ಬಿಬಿಸಿ ಅಮೆರಿಕ ಚಾನೆಲ್‌ನಲ್ಲಿ ಅಮೆರಿಕದವರಿಗೂ ಸಿಕ್ಕಿತು. ಸಾಕಲ್ವಾ? ಫಾಕ್ಸ್ ಚಾನೆಲ್‌ಗೆ ಸಾಕಾಗಲಿಲ್ಲ. 2014ರಲ್ಲಿ ‘ಗ್ರೇಸ್‌ಪಾಯಿಂಟ್’ ಬಂತು. ಹೊಸ ನಾಯಕ? ಡೇವಿಡ್ ಟೆನಂಟ್. ಹಳೆಯ ನಾಯಕ? ಅವನೂ ಡೇವಿಡ್ ಟೆನಂಟೇ! ಅದೇ ಕುರುಚಲು ಗಡ್ಡ, ಅದೇ ಸಿಡುಕು ಮೋರೆ. ಅವನ ಬಾಯಿಯ ಸ್ಕಾಟಿಷ್ ರಾಗವನ್ನು ಮಾತ್ರ ಕಸ್ಟಮ್ಸ್‌ನಲ್ಲಿ ಇಳಿಸಿಕೊಂಡರು. ಮೊದಲ ಕಂತು ಬರೆದವರು, ನಿರ್ದೇಶಿಸಿದವರು ಕೂಡ ಬ್ರಿಟನ್ನಿನ ಆ ಹಳಬರೇ. ಹಾಗಾದ್ರೆ ಬಿಟ್ಟು ಬಂದದ್ದು ಯಾರನ್ನ? ಟೆನಂಟ್ ಜೊತೆ ಪತ್ತೇದಾರಿ ಪೊಲೀಸ್ ಆಗಿದ್ದ ಒಲಿವಿಯಾ ಕೋಲ್ಮನ್‌ರನ್ನ! ಯಾರ ಮುಖ ನೋಡಿ ಜನ ಕಣ್ಣೀರು ಹಾಕಿದ್ದರೋ ಅವರನ್ನೇ. (ಬದಲಿಗೆ ಬಂದ ಆ್ಯನಾ ಗನ್ ಒಳ್ಳೆಯ ನಟಿ, ಪಾಪ.) ಕತೆ ಕ್ಯಾಲಿಫೋರ್ನಿಯಾದ್ದು, ಶೂಟಿಂಗ್ ಕೆನಡಾದ್ದು. ಮೇಲೆ ಎರಡು ಕಂತು ಜಾಸ್ತಿ, ‘ಕೊನೆ ಬೇರೆ ಇದೆ’ ಅನ್ನೋ ಪ್ರಚಾರ ಬೇರೆ. ಒಂದೇ ಸೀಸನ್‌ಗೆ ಅಂಗಡಿ ಮುಚ್ಚಿತು.

ಜಾಸ್ತಿ ಮಾಡೋದು ಅವರ ಚಟ. ದೊಡ್ಡ ಚಾನೆಲ್‌ಗಳಿಗೆ ವರ್ಷಕ್ಕೆ 22 ಕಂತು ಕೊಡೋದು ಆಗಿನ ರೂಢಿ. ಬ್ರಿಟಿಷ್ ಬರಹಗಾರ ಆರೆಂಟು ಕಂತಿಗೆ ಕತೆ ಮುಗಿಸಿ ಮನೆಗೆ ಹೋಗ್ತಾನೆ. ಇವರು ಅದೇ ಸಾರಿಗೆ ನೀರು ಹುಯ್ಯುತ್ತಾ ಸೀಸನ್ ಮುಗಿಯುವ ಮೇ ತಿಂಗಳವರೆಗೆ ಬಡಿಸಬೇಕಿತ್ತು. ಒಂದು ಗಂಟೆಯ ಕಂತಲ್ಲಿ ಕತೆಗೆ ಸಿಗೋದು ಸುಮಾರು 42 ನಿಮಿಷ, ಉಳಿದದ್ದು ಜಾಹೀರಾತಿಗೆ. ಜಾಹೀರಾತೇ ಇಲ್ಲದ ಬಿಬಿಸಿಯಲ್ಲಿ ಪಾತ್ರ ಸುಮ್ನೆ ಕಿಟಕಿ ನೋಡ್ತಾ ನಿಲ್ಲಬಹುದು. ಇಲ್ಲಿ ನಿಂತರೆ ಕಾರಿನ ಕಂಪನಿ ಬಂದು ತಳ್ಳುತ್ತದೆ.

‘ಲೈಫ್ ಆನ್ ಮಾರ್ಸ್’ ಪಾಡು ಇನ್ನೂ ಚೆಂದ. 2006ರ ಬಿಬಿಸಿ ಸೀರಿಯಲ್. ಈ ಕಾಲದ ಪೊಲೀಸ್ ಸ್ಯಾಮ್‌ಗೆ ಕಾರು ಗುದ್ದುತ್ತದೆ, ಕಣ್ಣು ಬಿಟ್ಟರೆ 1973ರ ಮ್ಯಾಂಚೆಸ್ಟರ್. ಹುಚ್ಚೋ, ಕೋಮಾವೋ, ಸಾವೋ ಅಂತ ನಾವು ತಲೆ ಕೆರೆದುಕೊಳ್ಳಬೇಕು. ಹೆಸರಿನ ಮಂಗಳ ಗ್ರಹ ಬರೀ ಹಾಡಿನ ಸಾಲು, ಬ್ರಿಟಿಷ್ ಗಾಯಕ ಡೇವಿಡ್ ಬೋವಿಯದ್ದು. ಅಮೆರಿಕದ ಎಬಿಸಿ ಚಾನೆಲ್‌ನವರು ಲಾಸ್ ಏಂಜಲೀಸ್‌ನಲ್ಲಿ ಪೈಲಟ್, ಅಂದ್ರೆ ಪರೀಕ್ಷೆಗೊಂದು ಕಂತು, ತೆಗೆದರು. ಹಿಡಿಸಲಿಲ್ಲ. ನಾಯಕನೊಬ್ಬನನ್ನು ಉಳಿಸಿಕೊಂಡು, ಊರನ್ನೇ ನ್ಯೂಯಾರ್ಕ್‌ಗೆ ಬದಲಿಸಿ ಮತ್ತೆ ತೆಗೆದರು. 17 ಕಂತಿಗೆ ಮುಗಿಸಬೇಕಾಗಿ ಬಂತು. ಯಾರೋ ಸೂಟುಧಾರಿ ಮೀಟಿಂಗ್‌ನಲ್ಲಿ ಕೇಳಿರಬೇಕು: ‘ಹೆಸರಲ್ಲಿ ಮಂಗಳ ಇದೆ, ಕತೆಯಲ್ಲಿ ಎಲ್ಲಿದೆ?’

ಇಟ್ಟೇಬಿಟ್ಟರು! ಕೊನೆಯ ಕಂತಲ್ಲಿ ಸ್ಯಾಮ್ ಎಚ್ಚರಾಗೋದು 2035ರಲ್ಲಿ, ಬಾಹ್ಯಾಕಾಶ ನೌಕೆಯೊಳಗೆ. ಠಾಣೆಯ ಪೊಲೀಸರೆಲ್ಲ ಗಗನಯಾತ್ರಿಗಳು. ಕಂಪ್ಯೂಟರ್ ತೋರಿಸಿದ ಕನಸಂತೆ ಎಲ್ಲ. ಠಾಣೆಯ ಒರಟ ಬಾಸ್ ಜೀನ್ ಹಂಟ್ ಹೆಸರಿಗೂ ಅರ್ಥ ಹಚ್ಚಿದರು, ನೌಕೆ ಹೊರಟಿರೋದು ಮಂಗಳದಲ್ಲಿ ‘ಜೀನ್ ಹಂಟ್’ಗೆ, ಅಂದ್ರೆ ಜೀವಿಗಳ ವಂಶವಾಹಿ (ಜೀನ್) ಹುಡುಕೋಕೆ! ಕಡೆಯ ಶಾಟ್‌ನಲ್ಲಿ ಮಂಗಳದ ಕೆಂಪು ಮಣ್ಣಿನ ಮೇಲೆ ಮನುಷ್ಯನ ಮೊದಲ ಹೆಜ್ಜೆ. ಕಾಲಲ್ಲಿ ಗಗನಯಾತ್ರಿಯ ಬೂಟಿಲ್ಲ. 1973ರ ಬಿಳಿ ಲೋಫರ್ ಶೂ.