ಕೆಂಟಕಿಯ ಡೈನೋಸಾರ್, ಆನೇಕಲ್ಲಿನ ವಿಮಾನ

ಸಿನ್ಸಿನಾಟಿಗೆ ವಿಮಾನದಲ್ಲಿ ಬರುವವರು ಇಳಿಯುವುದು ಸಿನ್ಸಿನಾಟಿಯಲ್ಲಲ್ಲ. ಊರು ಒಹಾಯೋ ರಾಜ್ಯದ್ದು. ವಿಮಾನ ನಿಲ್ದಾಣ ಇರುವುದು ನದಿ ದಾಟಿ, ಕೆಂಟಕಿಯ ಬೂನ್ ಕೌಂಟಿಯಲ್ಲಿ. ಸಿನ್ಸಿನಾಟಿಯವರು ಕೆಂಟಕಿಯವರನ್ನು ಆಡಿಕೊಂಡು ನಗುವುದು ಜಾಸ್ತಿ. ನಮ್ಮ ಕನ್ನಡದವರೂ ಬಂದು ಎರಡು ವರ್ಷವಾಗುವಷ್ಟರಲ್ಲಿ ಆ ನಗೆಯನ್ನು ಕಲಿತುಬಿಡುತ್ತಾರೆ. ಬೆಂಗಳೂರಿಗೆ ಹೋಗಬೇಕಾದರೂ ಅವರ ನೆಲದಿಂದಲೇ ಹಾರಬೇಕು, ಅದು ನೆನಪಿರುವುದಿಲ್ಲ.

ನಗೆಗೆ ಮುಖ್ಯ ಕಾರಣ ಅದೇ ಬೂನ್ ಕೌಂಟಿಯ ಪೀಟರ್ಸ್‌ಬರ್ಗ್‌ನಲ್ಲಿರುವ ಕ್ರಿಯೇಷನ್ ಮ್ಯೂಸಿಯಂ. 2007ರ ಮೇ 28ರಂದು ಅದರ ಬಾಗಿಲು ತೆರೆಯಿತು. ಕಟ್ಟಿದ್ದು ಆನ್ಸರ್ಸ್ ಇನ್ ಜೆನಿಸಿಸ್ ಎಂಬ ಸಂಸ್ಥೆ, ಖರ್ಚು 2 ಕೋಟಿ 70 ಲಕ್ಷ ಡಾಲರ್. ಬೈಬಲಿನ ಆದಿಕಾಂಡದಲ್ಲಿ ಬರೆದಿರುವುದೆಲ್ಲ ಅಕ್ಷರಶಃ ನಡೆದ ಇತಿಹಾಸ ಎನ್ನುವುದು ಅವರ ವಾದ. ಭೂಮಿಗೆ ಸುಮಾರು 6000 ವರ್ಷ. ಡೈನೋಸಾರ್ ಮತ್ತು ಮನುಷ್ಯ ಒಂದೇ ಕಾಲದವರು. ಪಳೆಯುಳಿಕೆಗಳಲ್ಲಿ ಹೆಚ್ಚಿನವು ಸುಮಾರು 4300 ವರ್ಷದ ಹಿಂದಿನ ಜಲಪ್ರಳಯದಲ್ಲಿ ಹೂತುಹೋದವು. ಒಳಗೆ ಅಲೊಸಾರಸ್ ಎಂಬ ಡೈನೋಸಾರಿನ ಅಸ್ಥಿಪಂಜರ ಇದೆ. ಅದಕ್ಕೆ ಎಬೆನೀಜರ್ ಎಂದು ಹೆಸರಿಟ್ಟಿದ್ದಾರೆ. ಮೂಳೆ ನಿಜವಾದದ್ದೇ, ಕೊಲೊರಾಡೋದಲ್ಲಿ ಅಗೆದು ತೆಗೆದದ್ದು. ಭೂವಿಜ್ಞಾನಿಗಳನ್ನು ಕೇಳಿದರೆ ಅದಕ್ಕೆ ಸುಮಾರು 15 ಕೋಟಿ ವರ್ಷ. ಇಲ್ಲಿನ ಫಲಕ ಓದಿದರೆ ನೋಹನ ಕಾಲದ ನೀರಿನಲ್ಲಿ ಮುಳುಗಿ ಸತ್ತದ್ದು.

ಈ ಮ್ಯೂಸಿಯಂ ಕೆಂಟಕಿಯವರ ತಲೆಯಲ್ಲಿ ಹುಟ್ಟಿದ್ದಲ್ಲ. ಸಂಸ್ಥೆಯ ಮುಂದಾಳು ಕೆನ್ ಹ್ಯಾಮ್ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನವರು, ಅಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಈ ಜಾಗ ಹುಡುಕಿದ್ದು ದೊಡ್ಡ ವಿಮಾನ ನಿಲ್ದಾಣ ಪಕ್ಕದಲ್ಲಿದೆ, ದೇಶದ ಮೂರರಲ್ಲಿ ಎರಡು ಪಾಲು ಜನ ಒಂದು ದಿನ ಕಾರು ಓಡಿಸಿದರೆ ಬಂದು ತಲುಪಬಹುದು ಎನ್ನುವ ಲೆಕ್ಕದಲ್ಲಿ. ಮೊದಲು ಅವರು ಕಣ್ಣಿಟ್ಟಿದ್ದು ಬಿಗ್ ಬೋನ್ ಲಿಕ್ ಪಾರ್ಕಿನ ಹತ್ತಿರದ ನೆಲಕ್ಕೆ. ಸುತ್ತಲಿನವರು ವಿರೋಧ ಮಾಡಿದರು, ಅದು ಕೈಗೂಡಲಿಲ್ಲ. ಆಮೇಲೆ ಪೀಟರ್ಸ್‌ಬರ್ಗ್‌ಗೆ ಬಂದರು.

ಆ ಬಿಗ್ ಬೋನ್ ಲಿಕ್ ಎಂಥ ಜಾಗ ಗೊತ್ತಾ? ಅದೂ ಬೂನ್ ಕೌಂಟಿಯಲ್ಲೇ ಇದೆ. ಉಪ್ಪುನೀರಿನ ಒರತೆಗಳಿರುವ ಜೌಗು ನೆಲ. ಹಿಮಯುಗದಲ್ಲಿ ಮ್ಯಾಮತ್, ಮಾಸ್ಟೊಡಾನ್‌ಗಳಂಥ ಭಾರಿ ಪ್ರಾಣಿಗಳು ಉಪ್ಪು ನೆಕ್ಕಲು ಬಂದು ಕೆಸರಿನಲ್ಲಿ ಸಿಕ್ಕಿ ಸತ್ತವು. 1807ರಲ್ಲಿ ಅಧ್ಯಕ್ಷ ಥಾಮಸ್ ಜೆಫರ್ಸನ್ ವಿಲಿಯಂ ಕ್ಲಾರ್ಕ್ ಅವರನ್ನು ಕಳಿಸಿ ಇಲ್ಲಿಂದ ಮೂಳೆ ತರಿಸಿಕೊಂಡರು, ಶ್ವೇತಭವನದಲ್ಲಿ ಹರಡಿಕೊಂಡು ನೋಡಿದರು. ಅಮೆರಿಕದಲ್ಲಿ ಬೆನ್ನೆಲುಬಿನ ಪ್ರಾಣಿಗಳ ಪಳೆಯುಳಿಕೆ ಅಧ್ಯಯನ ಹುಟ್ಟಿದ್ದೇ ಇಲ್ಲಿ ಎಂದು ಪಾರ್ಕಿನವರು ಹೆಮ್ಮೆಯಿಂದ ಹೇಳುತ್ತಾರೆ. ತಮಾಷೆ ಏನೆಂದರೆ, ಒಂದು ಪ್ರಾಣಿಯ ಕುಲವೇ ಅಳಿದುಹೋಗುತ್ತದೆ ಎನ್ನುವುದನ್ನು ಒಪ್ಪಲು ಜೆಫರ್ಸನ್‌ಗೇ ಮನಸ್ಸಿರಲಿಲ್ಲ. ಪಶ್ಚಿಮದ ಕಾಡುಗಳಲ್ಲಿ ಮಾಸ್ಟೊಡಾನ್ ಇನ್ನೂ ಓಡಾಡಿಕೊಂಡಿರಬಹುದು ಅಂದುಕೊಂಡಿದ್ದರು.

ನೆಲ ಇನ್ನೂ ಹಳೆಯದು. ಸಿನ್ಸಿನಾಟಿಯ ಸುತ್ತ ಹೆದ್ದಾರಿಗಾಗಿ ಗುಡ್ಡ ಕಡಿದ ಕಡೆಯಲ್ಲೆಲ್ಲ ಸುಮಾರು 45 ಕೋಟಿ ವರ್ಷ ಹಳೆಯ ಸಮುದ್ರದ ಚಿಪ್ಪುಗಳು ಕಾಣುತ್ತವೆ. ಉತ್ತರ ಅಮೆರಿಕದ ಆ ಕಾಲದ ಕಲ್ಲಿನ ಪದರಗಳನ್ನು ಭೂವಿಜ್ಞಾನಿಗಳು ಕರೆಯುವುದೇ ಸಿನ್ಸಿನಾಟಿಯನ್ ಎಂದು. ಡ್ರೈ ಡ್ರೆಜರ್ಸ್ ಎಂಬ ಹವ್ಯಾಸಿಗಳ ಗುಂಪು 1942ರಿಂದ ಈ ಚಿಪ್ಪುಗಳನ್ನು ಆರಿಸುತ್ತಾ ಬಂದಿದೆ. ಭೂಮಿಗೆ 6000 ವರ್ಷ ಎಂದು ಹೇಳುವ ಕಟ್ಟಡದ ಪಾಯ ಕೂತಿರುವುದು ಇದೇ ಕಲ್ಲಿನ ಮೇಲೆ.

ಸ್ಥಳೀಯರ ಪ್ರತಿಕ್ರಿಯೆ ಒಂದೇ ಥರ ಇರಲಿಲ್ಲ. ಉದ್ಘಾಟನೆಯ ದಿನ ಗೇಟಿನ ಹೊರಗೆ ಪ್ರತಿಭಟನೆ ನಡೆಯಿತು. ಮೇಲೆ ಒಂದು ಪುಟ್ಟ ವಿಮಾನ ‘ಸುಳ್ಳು ಹೇಳಬೇಡ’ ಎನ್ನುವ ಬೈಬಲಿನ ಆಜ್ಞೆಯನ್ನೇ ಬ್ಯಾನರ್ ಮಾಡಿ ಎಳೆದುಕೊಂಡು ಸುತ್ತಿತು. 2008ರ ಡಿಸೆಂಬರಿನಲ್ಲಿ ಸಿನ್ಸಿನಾಟಿಯ ಮೃಗಾಲಯ ಮತ್ತು ಈ ಮ್ಯೂಸಿಯಂ ಸೇರಿ ಕ್ರಿಸ್ಮಸ್ ಸಮಯದ ಜಂಟಿ ಟಿಕೆಟ್ ಪ್ರಕಟಿಸಿದವು. ಜನರ ದೂರಿನ ಸುರಿಮಳೆಯೇ ಆಯಿತು. ನಮ್ಮ ತೆರಿಗೆ ದುಡ್ಡು ಪಡೆಯುವ ಮೃಗಾಲಯ ಇವರ ಜೊತೆ ಕೈಜೋಡಿಸುವುದೇನು ಎಂದು ಕೇಳಿದರು. ಕೆಲವೇ ದಿನದಲ್ಲಿ ಮೃಗಾಲಯ ಹಿಂದೆ ಸರಿಯಿತು. 2009ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಪಳೆಯುಳಿಕೆ ತಜ್ಞರ ಸಮ್ಮೇಳನ ನಡೆದಾಗ ಸುಮಾರು 70 ಮಂದಿ ವಿಜ್ಞಾನಿಗಳು ಇಲ್ಲಿಗೆ ಬಂದು ನೋಡಿಕೊಂಡು ಹೋದರು. 2014ರ ಫೆಬ್ರವರಿಯಲ್ಲಿ ಟೀವಿಯ ವಿಜ್ಞಾನ ನಿರೂಪಕ ಬಿಲ್ ನೈ ಇದೇ ಮ್ಯೂಸಿಯಂನಲ್ಲಿ ಕೆನ್ ಹ್ಯಾಮ್ ಜೊತೆ ಎದುರುಬದುರು ನಿಂತು ವಾದ ಮಾಡಿದರು.

ಇಷ್ಟರ ನಡುವೆ ದುಡ್ಡಿನ ವಿಷಯವೂ ಇದೆ. ನನಗಂತೂ ದೇವರು-ಡಾರ್ವಿನ್ ಜಗಳಕ್ಕಿಂತ ಇದೇ ಹೆಚ್ಚು ಸ್ವಾರಸ್ಯ. ಇದೇ ಸಂಸ್ಥೆ ಗ್ರಾಂಟ್ ಕೌಂಟಿಯ ವಿಲಿಯಮ್ಸ್‌ಟೌನ್‌ನಲ್ಲಿ ಬೈಬಲಿನ ಜಲಪ್ರಳಯದಲ್ಲಿ ಜೀವಿಗಳನ್ನು ಉಳಿಸಿದ ನೋಹನ ನಾವೆಯನ್ನು ಕಟ್ಟಿ 2016ರಲ್ಲಿ ತೆರೆಯಿತು. 510 ಅಡಿ ಉದ್ದ, ಮರದ್ದು. ರಾಜ್ಯ ಸರ್ಕಾರ 1 ಕೋಟಿ 80 ಲಕ್ಷ ಡಾಲರ್‌ವರೆಗೆ ತೆರಿಗೆ ವಾಪಸ್ ಕೊಡುವ ಮಾತಾಡಿತ್ತು. ಯೋಜನೆ ಪ್ರಕಟವಾದಾಗ ಬೆನ್ನಿಗೆ ನಿಂತಿದ್ದ ಗವರ್ನರ್ ಡೆಮಾಕ್ರಟಿಕ್ ಪಕ್ಷದವರು ಎನ್ನುವುದು ಗಮನಿಸಬೇಕಾದ ಮಾತು. ಕೆಲಸಕ್ಕೆ ಸೇರುವವರು ಸಂಸ್ಥೆಯ ನಂಬಿಕೆಯ ಪತ್ರಕ್ಕೆ ಸಹಿ ಹಾಕಬೇಕು ಎನ್ನುವ ನಿಯಮ ಹೊರಬಿದ್ದಾಗ ಸರ್ಕಾರ ಹಿಂಜರಿಯಿತು, ವಿಷಯ ಕೋರ್ಟಿಗೆ ಹೋಯಿತು, ಸಂಸ್ಥೆ ಗೆದ್ದಿತು.

ಆಮೇಲೆ 2017ರಲ್ಲಿ ವಿಲಿಯಮ್ಸ್‌ಟೌನ್ ಪುರಸಭೆ ಪೊಲೀಸ್, ಅಗ್ನಿಶಾಮಕದ ಖರ್ಚಿಗೆಂದು ಟಿಕೆಟ್‌ಗೆ 50 ಸೆಂಟ್ ಶುಲ್ಕ ಹಾಕಿತು. ನಾವೆಯ ಕಂಪನಿ ಏನು ಮಾಡಿತು ಅಂದರೆ, ಕೋಟಿಗಟ್ಟಲೆ ಬೆಲೆಯ ನೆಲವನ್ನು ತನ್ನದೇ ಧಾರ್ಮಿಕ ಸಂಸ್ಥೆಗೆ 10 ಡಾಲರಿಗೆ ಮಾರಿತು. ಧರ್ಮದ ಸಂಸ್ಥೆಗೆ ತೆರಿಗೆ ಇಲ್ಲವಲ್ಲ. ತಕ್ಷಣ ರಾಜ್ಯ ಸರ್ಕಾರ, ಹಾಗಾದರೆ ವ್ಯಾಪಾರಕ್ಕೆಂದು ಕೊಟ್ಟ ತೆರಿಗೆ ವಿನಾಯಿತಿಯೂ ಇಲ್ಲ ಎಂದಿತು. ನೆಲ ಮತ್ತೆ 10 ಡಾಲರಿಗೇ ವಾಪಸ್ ಬಂತು. ಎರಡು ವರ್ಷದ ಮೇಲೆ ಜೋರು ಮಳೆಗೆ ರಸ್ತೆ ಕುಸಿದದ್ದಕ್ಕೆ ವಿಮೆ ಕಂಪನಿಗಳ ಮೇಲೆ ನಾವೆಯವರು ಕೇಸು ಹಾಕಿದಾಗ ನಗದವರು ಯಾರೂ ಇರಲಿಲ್ಲ. ವಿಲಿಯಮ್ಸ್‌ಟೌನಿನ ಅಂಗಡಿಯವರ ದೂರು ಮಾತ್ರ ಬೇರೆಯದು. ನಾವೆ ಹೆದ್ದಾರಿಯ ಆ ಕಡೆ, ಪೇಟೆ ಈ ಕಡೆ. ಬಂದ ಬಸ್ಸುಗಳು ಹಾಗೇ ಹೊರಟುಹೋಗುತ್ತವೆ.

ಇನ್ನು ಕೆಂಟಕಿಯ ಹಳೆಯ ಲೆಕ್ಕ ತೆಗೆದರೆ ಸಿನ್ಸಿನಾಟಿಯವರ ನಗೆ ಇನ್ನೂ ಸಪ್ಪೆಯಾಗುತ್ತದೆ. 1922ರಲ್ಲಿ ವಿಕಾಸವಾದ ಕಲಿಸುವುದನ್ನು ನಿಷೇಧಿಸುವ ಮಸೂದೆ ಕೆಂಟಕಿ ವಿಧಾನಸಭೆಗೆ ಬಂದಿತ್ತು. 42-41, ಒಂದೇ ಒಂದು ಮತದಿಂದ ಬಿದ್ದುಹೋಯಿತು. ಮೂರು ವರ್ಷದ ನಂತರ ಪಕ್ಕದ ಟೆನೆಸಿಯಲ್ಲಿ ವಿಕಾಸವಾದ ಕಲಿಸಿದ್ದಕ್ಕೆ ವಿಚಾರಣೆ ಎದುರಿಸಿದ ಜಾನ್ ಸ್ಕೋಪ್ಸ್ ಹುಟ್ಟಿದ್ದು ಕೆಂಟಕಿಯ ಪಡೂಕಾದಲ್ಲಿ, ಓದಿದ್ದು ಕೆಂಟಕಿ ವಿಶ್ವವಿದ್ಯಾಲಯದಲ್ಲಿ. ಹಣ್ಣಿನ ನೊಣಗಳನ್ನು ಸಾಕಿ, ವಂಶವಾಹಿಗಳು ವರ್ಣತಂತುಗಳ ಮೇಲಿರುತ್ತವೆ ಎಂದು ತೋರಿಸಿ 1933ರಲ್ಲಿ ನೊಬೆಲ್ ಪಡೆದ ಥಾಮಸ್ ಹಂಟ್ ಮಾರ್ಗನ್ ಲೆಕ್ಸಿಂಗ್ಟನ್ನಿನ ಹುಡುಗ. ದೇಶದ ಬರ್ಬನ್ ವಿಸ್ಕಿಯ ಬಹುಪಾಲು ತಯಾರಾಗುವುದು ಈ ರಾಜ್ಯದಲ್ಲಿ, ಆದರೆ ಇಲ್ಲಿನ ಕೆಲವು ಕೌಂಟಿಗಳಲ್ಲಿ ಒಂದು ಬಾಟ್ಲಿ ಮಾರುವ ಹಾಗಿಲ್ಲ. ನದಿಯ ಈ ಕಡೆ, ತಾನು ಮುಂದುವರಿದವಳು ಎನ್ನುವ ಸಿನ್ಸಿನಾಟಿಯಲ್ಲಿ 1990ರಲ್ಲಿ ಮೇಪಲ್‌ಥಾರ್ಪ್ ಎಂಬ ಕಲಾವಿದರ ಛಾಯಾಚಿತ್ರಗಳನ್ನು ತೋರಿಸಿದ್ದಕ್ಕೆ ಕಲಾಕೇಂದ್ರದ ನಿರ್ದೇಶಕರ ಮೇಲೆ ಅಶ್ಲೀಲತೆಯ ಕೇಸು ನಡೆಯಿತು. ಜ್ಯೂರಿಯವರು ಬಿಟ್ಟರು ಅನ್ನಿ.

ನಮ್ಮವರ ಪ್ರತಿಕ್ರಿಯೆ ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಊಟದ ಕೂಟಗಳಲ್ಲಿ ಈ ಮ್ಯೂಸಿಯಂ ಮಾತು ಬಂದರೆ ಯಾರಿಗೂ ಸಿಟ್ಟು ಬರುವುದಿಲ್ಲ. “ಹೋಗಿದ್ವಿ ರೀ, ಮಕ್ಕಳಿಗೆ ಡೈನೋಸಾರ್ ಇಷ್ಟ ಆಯ್ತು” ಎನ್ನುತ್ತಾರೆ. ಇನ್ನೊಬ್ಬರು “ನಮ್ಮ ದಶಾವತಾರವೇ ವಿಕಾಸವಾದ ಅಲ್ವಾ? ಮೀನು, ಆಮೆ, ಹಂದಿ, ಆಮೇಲೆ ಅರ್ಧ ಮನುಷ್ಯ” ಎನ್ನುತ್ತಾರೆ. ಎಲ್ಲರೂ ತಲೆಯಾಡಿಸಿ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಾರೆ.

ಕಾಲದ ವಿಷಯದಲ್ಲಿ ನಮಗೆ ಇವರ ಹಾಗೆ ಸಂಕಟ ಇಲ್ಲ, ಅದು ನಿಜ. ಇಲ್ಲಿ ಸತ್ಯನಾರಾಯಣ ಪೂಜೆ ಮಾಡಿಸುವ ಪುರೋಹಿತರು ಸಂಕಲ್ಪದಲ್ಲಿ ಜಂಬೂದ್ವೀಪ ಬಿಟ್ಟು ಕ್ರೌಂಚದ್ವೀಪ ಹೇಳುತ್ತಾರೆ, ಶ್ವೇತವರಾಹ ಕಲ್ಪವನ್ನು ಮಾತ್ರ ಬದಲಿಸುವುದಿಲ್ಲ. ಒಂದು ಕಲ್ಪ ಎಂದರೆ 432 ಕೋಟಿ ವರ್ಷ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ಎಂದು ಭೂವಿಜ್ಞಾನ ಇಲಾಖೆಯವರು ಫಲಕ ಹಾಕಿದ್ದಾರೆ. ಅದರ ತಲೆಯ ಮೇಲೆ ಕೆಂಪೇಗೌಡರ ಗೋಪುರ. ಯಾರಿಗೂ ಯಾವ ತೊಂದರೆಯೂ ಇಲ್ಲ. ಇಸ್ರೊ ಅಧ್ಯಕ್ಷರು ಉಡಾವಣೆಗೆ ಮುಂಚೆ ತಿರುಪತಿಗೆ ಹೋಗಿ ಬರುತ್ತಾರೆ. ರಾಕೆಟ್ಟಿನ ಲೆಕ್ಕದಲ್ಲಿ ತಿಮ್ಮಪ್ಪ ಬರುವುದಿಲ್ಲ, ತಿಮ್ಮಪ್ಪನ ಮುಂದೆ ರಾಕೆಟ್ಟಿನ ಲೆಕ್ಕ ಬರುವುದಿಲ್ಲ. ಬಹಳ ಕಾಲ ಇದನ್ನೇ ನಮ್ಮ ದೊಡ್ಡತನ ಎಂದು ಇಲ್ಲಿನ ಗೆಳೆಯರಿಗೆ ಹೇಳಿಕೊಂಡು ಬಂದವನು ನಾನು. ಈಗಲೂ ಪುರಾಣವನ್ನು ಪುರಾಣವಾಗಿ ಬಿಡುವ ಆ ರೀತಿಯೇ ನನಗೆ ಇಷ್ಟ. ಕೆನ್ ಹ್ಯಾಮ್ ಅವರ ಹಾಗೆ ನಂಬಿಕೆಗೆ ವಿಜ್ಞಾನದ ವೇಷ ಕಟ್ಟಿ ರಂಗಕ್ಕೆ ಬಿಡುವ ದರ್ದು ನಮಗೆ ಇರಲಿಲ್ಲ.

ಇರಲಿಲ್ಲ ಎನ್ನುವಾಗಲೂ ಸ್ವಲ್ಪ ನಾಲಗೆ ತಡವರಿಸುತ್ತದೆ. ಯಾಕೆಂದರೆ ಪ್ರಾಚೀನ ವಿಮಾನಗಳ ವಿದ್ಯೆ ಎನ್ನುವ ವೈಮಾನಿಕ ಶಾಸ್ತ್ರ ಬಂದದ್ದು ನಮ್ಮ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳ ಬಾಯಿಂದ, ನೂರು ವರ್ಷದ ಹಿಂದೆ. ಭರದ್ವಾಜ ಋಷಿಗಳದ್ದು ಎಂದು ಅವರು ಹೇಳಿದರು. 1974ರಲ್ಲಿ ಅದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐದು ಮಂದಿ ಅದನ್ನು ಕೂತು ಓದಿ, ಲೆಕ್ಕ ಹಾಕಿ, ಇದು 1904ಕ್ಕಿಂತ ಹಳೆಯದಿರಲಾರದು, ಈ ವಿಮಾನಗಳು ಹಾರಲಾರವು ಎಂದು ಬರೆದರು. ಆನೇಕಲ್ಲು ಮತ್ತು ಟಾಟಾ ಇನ್‌ಸ್ಟಿಟ್ಯೂಟು ಎಂದು ನಾವು ಕರೆಯುವ ಈ ವಿಜ್ಞಾನ ಸಂಸ್ಥೆ, ಎರಡೂ ಒಂದೇ ಜಿಲ್ಲೆಯವು, ಬೂನ್ ಕೌಂಟಿಯ ಹಾಗೇ. ವಾದ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 2015ರಲ್ಲಿ ಮುಂಬೈಯ ವಿಜ್ಞಾನ ಕಾಂಗ್ರೆಸ್ಸಿನಲ್ಲೇ ಪ್ರಾಚೀನ ವಿಮಾನಗಳ ಬಗ್ಗೆ ಉಪನ್ಯಾಸ ಆಯಿತು.

2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸವಾದದ ಪಾಠವನ್ನು ಬಿಟ್ಟಿತು. ಕೋವಿಡ್ ಸಮಯದಲ್ಲಿ ಮಕ್ಕಳ ಹೊರೆ ಇಳಿಸಲು ಎಂದರು, ಹನ್ನೆರಡನೇ ತರಗತಿಯಲ್ಲಿ ಇದೆ ಎಂದರು. ಅಲ್ಲಿ ಜೀವಶಾಸ್ತ್ರ ತೆಗೆದುಕೊಳ್ಳದವರಿಗೆ ಹತ್ತನೇ ತರಗತಿಯೇ ಕೊನೆ. ಬ್ರೇಕ್‌ಥ್ರೂ ಸೈನ್ಸ್ ಸೊಸೈಟಿಯವರ ಪತ್ರಕ್ಕೆ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿದರು. ಮನೆಗಳಲ್ಲಿ ಏನಾಯಿತು? ನಮ್ಮ ಅಕ್ಕನ ಮಗ ಆಗ ಹತ್ತನೇ ಕ್ಲಾಸು. ಫೋನಿನಲ್ಲಿ ಕೇಳಿದೆ. “ಪೋರ್ಷನ್ ಕಮ್ಮಿ ಆಯ್ತು ಮಾಮ” ಎಂದ, ಖುಷಿಯಲ್ಲಿ. ಅಕ್ಕನೂ ಅದನ್ನೇ ಹೇಳಿದಳು. ಅವಳು ಡಾರ್ವಿನ್‌ಗೆ ವಿರೋಧಿಯಲ್ಲ. ಸುಮ್ನೆ, ಅವಳಿಗೆ ಅದು ಮುಖ್ಯ ಅನ್ನಿಸಲಿಲ್ಲ.

ಅಮೆರಿಕದಲ್ಲಿ ಹತ್ತರಲ್ಲಿ ನಾಲ್ಕು ಜನ, ದೇವರು ಮನುಷ್ಯನನ್ನು ಕಳೆದ 10,000 ವರ್ಷದೊಳಗೆ ಈಗಿರುವ ಹಾಗೇ ಸೃಷ್ಟಿ ಮಾಡಿದ ಎಂದು ಗ್ಯಾಲಪ್ ಸಮೀಕ್ಷೆಗೆ 2019ರಲ್ಲಿ ಹೇಳಿದ್ದಾರೆ. ಅಷ್ಟು ಜನ ನಂಬುವ ಕಡೆಯಲ್ಲೇ ಮೃಗಾಲಯದ ಒಂದು ಟಿಕೆಟ್ಟಿಗೂ ಜಗಳ ಆಗುತ್ತದೆ, ಪಕ್ಕದ ನೆಲಕ್ಕೂ ಜಗಳ ಆಗುತ್ತದೆ. ನಂಬುವವರಿಗೂ ಬೇಕು, ನಂಬದವರಿಗೂ ಬೇಕು. ನಮ್ಮಲ್ಲೂ ಅಂಥವರಿದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿಯನ್ನೇ ಮಾಡಿದರು. ಉಂಗುರ ಸೃಷ್ಟಿಸುವವರನ್ನು ಕುಂಬಳಕಾಯಿ ಸೃಷ್ಟಿಸಿ ತೋರಿಸಿ, ಅದು ತೋಳಿನೊಳಗೆ ಹಿಡಿಸುವುದಿಲ್ಲ ಎಂದು ಕೇಳಿದ ಅವರ ಕಥೆಯನ್ನು ನ್ಯಾಷನಲ್ ಕಾಲೇಜಿನವರು ಈಗಲೂ ಹೇಳುತ್ತಾರೆ. ಖಾದಿ ಜುಬ್ಬ ತೊಟ್ಟ ಆ ಮೇಷ್ಟ್ರಿಗೆ ನಾಲ್ಕು ದಿಕ್ಕಿನಿಂದ ಬೈಗುಳ ಬಂತು, ಅವರು ಜಗ್ಗಲಿಲ್ಲ.

ನಾಳೆ ಆನೇಕಲ್ಲಿನಲ್ಲಿ ಯಾರಾದರೂ ಪುಷ್ಪಕ ವಿಮಾನದ ಮ್ಯೂಸಿಯಂ ಕಟ್ಟುತ್ತೇವೆ ಎಂದು ಹೊರಟರೆ ಏನಾಗುತ್ತದೆ ಎಂದು ನನಗೆ ಹೆಚ್ಚುಕಡಿಮೆ ಗೊತ್ತು. ಸರ್ಕಾರ ಯಾವುದೇ ಪಕ್ಷದ್ದಿರಲಿ, ಜಾಗ ಸಿಗುತ್ತದೆ. ವಿಜ್ಞಾನ ಸಂಸ್ಥೆಯ ಕೆಲವರು ಪತ್ರಿಕೆಗೆ ಒಂದು ಪತ್ರ ಬರೆಯುತ್ತಾರೆ. ಹೊರನಾಡಿನಿಂದ ರಜೆಗೆ ಬಂದ ನಾವು ಮಕ್ಕಳನ್ನು ಕರೆದುಕೊಂಡು ಹೋಗಿ ಫೋಟೊ ತೆಗೆಸಿಕೊಳ್ಳುತ್ತೇವೆ. ಜಗಳ ಆಗುವುದಾದರೆ ಪಾರ್ಕಿಂಗ್ ವಿಷಯಕ್ಕೆ.